ಜಟ್ಟಪ್ಪನ ಕಣ್ಣು ತೆರೆದ ಫೋಟೋ

ಜಟ್ಟಪ್ಪ ನಮ್ಮ ಅಂಗಡಿಗೆ ಬಂದದ್ದು ಒಂದು ಶರ್ಟಿಗೆ. ಯಾವ ಸಮಾರಂಭಕ್ಕೆ ಅಂತ ಕೇಳಿದೆ. ಕೇಳೋದು ನನ್ನ ಕಸುಬು. ಸಮಾರಂಭ ಗೊತ್ತಾದರೆ ಒಂದಕ್ಕೆ ಬಂದವನಿಗೆ ಎರಡು ಕೊಡಬಹುದು.

"ಫೋಟೋಕ್ಕೆ," ಅಂದ.

"ಏನ್ ಫೋಟೋ?"

ಅವನು ಜೊತೆಗೆ ಬಂದಿದ್ದ ಮಗಳ ಮುಖ ನೋಡಿದ. ಮಗಳು ಲಿಖಿತಾ ವಿನೋಬನಗರದಲ್ಲಿ ಸಂಸಾರ ಮಾಡಿಕೊಂಡಿರುವವಳು, ಕ್ಲಿನಿಕ್ಕೊಂದರಲ್ಲಿ ಲ್ಯಾಬಿನ ಕೆಲಸ. ದನಿ ಸಹ ತಗ್ಗಿಸದೆ ಹೇಳಿದಳು: "ಅಪ್ಪಂಗೆ ಹೆಣ್ಣು ನೋಡ್ತಾ ಇದೀವಿ ಅಂಕಲ್."

ನನ್ನ ಕೈಯಲ್ಲಿದ್ದ ಶರ್ಟಿನ ಮಡಿಕೆ ಬಿಚ್ಚಿಕೊಂಡು ತೋಳು ಕೆಳಗೆ ಜೋತುಬಿತ್ತು. ದುರ್ಗಿಗುಡಿಯಲ್ಲಿ ಮೂವತ್ತು ವರ್ಷದಿಂದ ಗಂಡಸರ ಬಟ್ಟೆ ಮಾರುತ್ತಿದ್ದೇನೆ. ಮಗಳಿಗೆ ಗಂಡು ನೋಡುವ ಅಪ್ಪಂದಿರು ಸಾವಿರ ಮಂದಿ ಬಂದು ಹೋಗಿದ್ದಾರೆ. ಅಪ್ಪನಿಗೆ ಹೆಣ್ಣು ನೋಡುವ ಮಗಳು ಕೌಂಟರಿನ ಮುಂದೆ ನಿಂತದ್ದು ಅದೇ ಮೊದಲು.

ಜಟ್ಟಪ್ಪ ನನಗೆ ಹೊಸಬನಲ್ಲ. ಭದ್ರಾವತಿಯ ನ್ಯೂ ಟೌನ್ ಹತ್ತಿರ ಬಾಡಿಗೆ ಮನೆ. ಅಲ್ಲಿನ ಒಂದು ಖಾಸಗಿ ಫೌಂಡ್ರಿಯಲ್ಲಿ ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿಯುವ ಕೆಲಸಕ್ಕೆ ಹತ್ತೊಂಬತ್ತನೇ ವಯಸ್ಸಿಗೆ ಸೇರಿ, ಐವತ್ತೆಂಟಕ್ಕೆ ಬಿಟ್ಟವನು. ದೀಪಾವಳಿಗೆ ವರ್ಷಕ್ಕೊಂದು ಶರ್ಟು, ಅದೂ ಚೆಕ್ಸು. ಬೇರೆ ತೋರಿಸಿದರೆ, "ಅದು ನಂಗೆ ಬ್ಯಾಡ, ಬೇರೆಯೋರಿಗೆ ಇರ್ಲಿ," ಅನ್ನುತ್ತಿದ್ದ. ಹೆಂಡತಿ ಮಾಸ್ತಮ್ಮ ತೀರಿಕೊಂಡು ಆರು ವರ್ಷ.

"ಈ ವಯಸ್ಸಲ್ಲಿ..." ಅಂತ ನಾನು ಶುರು ಮಾಡಿದೆ.

"ಅಂಕಲ್, ನಿಮಗೆ ಗೊತ್ತಿಲ್ಲ," ಲಿಖಿತಾ ಅಲ್ಲೇ ತಡೆದಳು. "ಹೋದ ತಿಂಗಳು ಹೇಳದೆ ಭದ್ರಾವತಿಗೆ ಹೋದೆ. ಅಪ್ಪ ಊಟಕ್ಕೆ ಕೂತಿದ್ರು. ಟಿವಿಯಲ್ಲಿ ವಾರ್ತೆ ಓದೋಳು ನಮಸ್ಕಾರ ಅಂದ್ಲು. ಅಪ್ಪ ತಿರುಗಿ ನಮಸ್ಕಾರ ಅಂದು, ಊಟ ಆಯ್ತಾ ಅಂತ ಕೇಳಿದ್ರು."

ಜಟ್ಟಪ್ಪ ನೆಲ ನೋಡುತ್ತಾ, "ಆ ಹುಡುಗಿ ದಿನಾ ಬರ್ತಾಳೆ. ಸುಮ್ನೆ ಕೂತ್ರೆ ಚೆನ್ನಾಗಿರಲ್ಲ," ಅಂದ.

ಆಮೇಲೆ ನಾನು ವಯಸ್ಸಿನ ಮಾತು ಎತ್ತಲಿಲ್ಲ.

ಹೆಣ್ಣಿನ ವಿಷಯವೂ ಗೊತ್ತಾಯಿತು. ಹೆಸರು ಶೀಲಾ. ಐವತ್ತೊಂದು ವರ್ಷ. ವಿನೋಬನಗರದಲ್ಲಿ ಇಡ್ಲಿ-ದೋಸೆ ಹಿಟ್ಟು ರುಬ್ಬಿ ಮಾರುತ್ತಾರೆ. ತಾಯಿಯನ್ನು ನೋಡಿಕೊಳ್ಳುತ್ತಾ ಮದುವೆಯೇ ಆಗದೆ ಉಳಿದವರು. ತಾಯಿ ಹೋದ ವರ್ಷ ತೀರಿಕೊಂಡರು. ಲಿಖಿತಾ ಅವರ ಖಾಯಂ ಗಿರಾಕಿ. ಹಿಟ್ಟು ಕೊಳ್ಳುವಾಗಲೇ ಮಾತು ಎತ್ತಿದ್ದಾಳೆ. ಅಪ್ಪನ ಫೋಟೋಗಳನ್ನು ಕಳಿಸಿದ್ದಾಳೆ. ಅತ್ತಲಿಂದ ಬಂದ ಉತ್ತರವನ್ನು ಮೊಬೈಲಿನಲ್ಲಿ ನನಗೂ ಕೇಳಿಸಿದಳು. ಗಟ್ಟಿ ದನಿ, ಹಿಂದೆ ಗ್ರೈಂಡರಿನ ಗುರ್ರ್ ಸದ್ದು.

"ಲಿಖಿತಾ, ಫೋಟೋ ಎಲ್ಲಾ ನೋಡ್ದೆ. ನಿಮ್ಮ ತಂದೆಯೋರು ಎಲ್ಲದರಲ್ಲೂ ಕಣ್ಣು ಮುಚ್ಕೊಂಡಿದಾರಲ್ಲ, ಯಾಕೆ? ನಾನು ಹಿಂದೆ ಎರಡು ಸಲ ಮೋಸ ಹೋಗಿದೀನಮ್ಮ. ಒಬ್ಬರು ಇಪ್ಪತ್ತು ವರ್ಷದ ಹಿಂದಿನ ಫೋಟೋ ಕಳಿಸಿದ್ರು. ಇನ್ನೊಬ್ಬರ ಫೋಟೋದಲ್ಲಿ ಮುಖಕ್ಕಿಂತ ಕಾರೇ ದೊಡ್ಡದಿತ್ತು, ಬಂದಾಗ ನೋಡಿದ್ರೆ ಕಾರು ಭಾವಂದು. ಕಣ್ಣು ಬಿಟ್ಟಿರೋ ಒಂದು ಫೋಟೋ ಕಳಿಸಿ. ಸಾಗರದ ಕಡೆಯೋರು ಒಬ್ಬರು ಕೇಳ್ತಾ ಇದಾರೆ, ಶನಿವಾರದೊಳಗೆ ಅವರಿಗೆ ಏನಾದರೂ ಹೇಳಬೇಕು."

"ವಿಡಿಯೋ ಕಾಲ್ ಮಾಡ್ಸಮ್ಮ," ಅಂದೆ ನಾನು.

"ಕೇಳ್ದೆ. ವಿಡಿಯೋ ಅಂದ್ರೆ ಮಾತಾಡ್ತಾರೆ, ಮಾತಿಗೆ ನಾನು ಕರಗಿಬಿಡ್ತೀನಿ, ಫೋಟೋ ಆದ್ರೆ ಬಾಯಿ ಬಿಡಲ್ಲ ಅಂದ್ರು."

ಈ ಹೆಂಗಸು ಬಟ್ಟೆ ವ್ಯಾಪಾರಕ್ಕೆ ಇಳಿಯದೆ ಹಿಟ್ಟಿಗೆ ಇಳಿದದ್ದು ನನ್ನ ಪುಣ್ಯ ಅಂದುಕೊಂಡೆ.

ಲಿಖಿತಾ ಮೊಬೈಲಿನಲ್ಲಿದ್ದ ಹಳೆಯ ಫೋಟೋಗಳನ್ನು ತೋರಿಸಿದಳು. ಮದುವೆ ಫೋಟೋದಲ್ಲಿ ಮಾಸ್ತಮ್ಮ ನೆಟ್ಟಗೆ ನೋಡುತ್ತಿದ್ದಾಳೆ, ಪಕ್ಕದಲ್ಲಿ ಜಟ್ಟಪ್ಪ ಬಾಸಿಂಗ ಕಟ್ಟಿಕೊಂಡು ಕಣ್ಣು ಮುಚ್ಚಿದ್ದಾನೆ. ಮಗಳ ನಾಮಕರಣ, ಕಣ್ಣು ಮುಚ್ಚಿದ್ದಾನೆ. ಧರ್ಮಸ್ಥಳ, ಜೋಗ, ಎರಡರಲ್ಲೂ ಮುಚ್ಚಿದ್ದಾನೆ. ಕೆಲಸ ಬಿಟ್ಟ ದಿನದ ಫೋಟೋ ನೋಡಿ ನನ್ನ ಎದೆ ಧಸಕ್ಕೆಂದಿತು: ಕೊರಳಲ್ಲಿ ಹಾರ, ಮೈಮೇಲೆ ಶಾಲು, ಮುಚ್ಚಿದ ಕಣ್ಣು, ಸುತ್ತ ಕೈ ಕಟ್ಟಿ ನಿಂತ ಜನ. ಅವನಿಗೆ ಗೊತ್ತಾಗದ ಹಾಗೆ ತೆಗೆದ ಫೋಟೋಗಳೂ ಇದ್ದವು. ಅವುಗಳಲ್ಲಿ ಬೆನ್ನು, ಕಿವಿ ಅಥವಾ ಊಟದ ಎಲೆ.

"ಅಮ್ಮ ಹೇಳ್ತಿದ್ರು, ನನ್ನ ಮದುವೇಲಿ ಎಲ್ಲರೂ ಎದ್ದಿದ್ರು, ಗಂಡ ಒಬ್ಬನೇ ಮಲಗಿದ್ದ ಅಂತ," ಅಂದಳು ಲಿಖಿತಾ.

ನಮ್ಮ ಅಂಗಡಿಯ ಮೇಲಿನ ಮಹಡಿಯಲ್ಲಿ ಧರ್ಮೇಂದ್ರನ ಸ್ಟುಡಿಯೋ ಇದೆ. ಅವನನ್ನು ಕೆಳಗೆ ಕರೆದೆ. ವಿಷಯ ಕೇಳಿ, "ಇದೇನ್ ದೊಡ್ಡದು ರೇಣುಕಣ್ಣ, ಫ್ಲ್ಯಾಶಿಗೆ ಹೆದರೋರು ಬೇಕಾದಷ್ಟು ಜನ ಇದಾರೆ," ಅಂದು ಜಟ್ಟಪ್ಪನಿಗೆ ಪಾಠ ಶುರು ಮಾಡಿದ. ಕಟಿಂಗು ಫೋಟೋದ ದಿನ ಬೇಡ, ಮೂರು ದಿನ ಮುಂಚೆ. ಹಿಂದಿನ ರಾತ್ರಿ ಒಳ್ಳೆ ನಿದ್ದೆ. ಬೆಳಿಗ್ಗೆ ಹೊಟ್ಟೆ ಬಿರಿಯ ತಿನ್ನಬೇಡಿ, ಖಾಲಿ ಹೊಟ್ಟೇಲೂ ಬರಬೇಡಿ. ಬೆವರಿಕೊಂಡು ಬರಬೇಡಿ, ಅರ್ಧ ಗಂಟೆ ಮುಂಚೆ ಬಂದು ಫ್ಯಾನಿನ ಕೆಳಗೆ ಕೂತ್ಕೊಳ್ಳಿ. ಚೆಕ್ಸು ಕಣ್ಣಿಗೆ ಕುಕ್ಕುತ್ತೆ, ಅಚ್ಚ ಬಿಳಿ ಹಾಕಿದರೆ ಮುಖ ಕಪ್ಪಾಗುತ್ತೆ, ಒಂದೇ ಬಣ್ಣದ್ದು ಹಾಕಿ. ಎರಡು ಶರ್ಟು ಇಟ್ಟುಕೊಂಡಿರಿ.

ಕೊನೆಯ ಮಾತು ನನಗೆ ಬಹಳ ಹಿಡಿಸಿತು. ಒಂದು ಕಡುನೀಲಿ, ಒಂದು ತಿಳಿಹಸಿರು ಕಟ್ಟಿಕೊಟ್ಟೆ. ಜಟ್ಟಪ್ಪ ಚೆಕ್ಸಿನ ರ‍್ಯಾಕಿನ ಕಡೆ ತಿರುಗಿ ತಿರುಗಿ ನೋಡುತ್ತಾ ಮೆಟ್ಟಿಲು ಇಳಿದ.

ಗುರುವಾರ ಬೆಳಿಗ್ಗೆ ಭದ್ರಾವತಿ ಬಸ್ಸಿಳಿದು ಬಂದವನನ್ನು ಕಂಡು ನಾನು ಹೌಹಾರಿದೆ. ಬೆಳ್ಳಗಿದ್ದ ಮೀಸೆ ಟಾರು ಬಳಿದ ಹಾಗೆ ಕಪ್ಪಾಗಿದೆ. ಬಣ್ಣ ಮೀಸೆಯಲ್ಲಿ ನಿಲ್ಲದೆ ತುಟಿಗೂ ಇಳಿದಿದೆ. ಕಿವಿಯ ಸುತ್ತ ಬೆಳ್ಳಗೆ ಪಟ್ಟಿ, ಆಗಷ್ಟೇ ಕತ್ತರಿ ಆಡಿದ ಗುರುತು.

"ಕಟಿಂಗು ಮೂರು ದಿನ ಮುಂಚೆ ಅಂದಿದ್ನಲ್ಲ ಧರ್ಮೇಂದ್ರ?"

"ಮಾಡ್ಸಿದ್ದೆ ಸಾವ್ಕಾರ್ರೇ. ಮೂರು ದಿನದಲ್ಲಿ ಬೆಳೆದಿರುತ್ತೆ ಅಂತ ಇವತ್ತೂ ಮಾಡ್ಸಿದೆ."

"ಮೀಸೆಗೆ ಯಾರ್ರೀ ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಬ್ಯಾಡ ಅಂತಾನೂ ಯಾರೂ ಹೇಳ್ಲಿಲ್ವಲ್ಲ."

ಲಿಖಿತಾ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಅಪ್ಪನ ಮೀಸೆ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡಳು. ಎದುರಂಗಡಿಯಿಂದ ಕೊಬ್ಬರಿ ಎಣ್ಣೆ ತಂದು ತುಟಿ ಉಜ್ಜಿದ್ದಾಯಿತು. ಮೀಸೆ ಕಪ್ಪಿನಿಂದ ಇಟ್ಟಿಗೆ ಬಣ್ಣಕ್ಕೆ ಬಂದು ಅಲ್ಲೇ ನಿಂತಿತು. ಕಡುನೀಲಿ ಶರ್ಟು ಹಾಕಿಸಿ ಮೇಲಕ್ಕೆ ಕಳಿಸಿದೆ. ನಾನೂ ಹಿಂದೆಯೇ ಹತ್ತಿದೆ, ಶರ್ಟು ಹೇಗೆ ಕೂತಿದೆ ಅಂತ ನೋಡಲು.

ಧರ್ಮೇಂದ್ರ ಸ್ಟೂಲಿನ ಮೇಲೆ ಕೂರಿಸಿದ, ಗದ್ದ ಎತ್ತಿಸಿದ, ಭುಜ ಇಳಿಸಿದ. "ರಿಲ್ಯಾಕ್ಸ್ ಸಾರ್. ಇಲ್ಲಿ ನೋಡಿ. ಒನ್, ಟೂ, ತ್ರೀ." ಫ್ಲ್ಯಾಶ್ ಬಡಿಯಿತು. ನೋಡಿದರೆ ಕಣ್ಣು ಮುಚ್ಚಿದೆ, ಗದ್ದ ಎಡಕ್ಕೆ ವಾಲಿದೆ.

ಮತ್ತೊಂದು ತೆಗೆದ, ಮುಚ್ಚಿದೆ. ಹತ್ತು ತೆಗೆದ. ಹತ್ತರಲ್ಲೂ ಜಟ್ಟಪ್ಪ ನಿದ್ದೆಯಲ್ಲಿದ್ದ. ಫ್ಲ್ಯಾಶ್ ತೆಗೆದುಹಾಕಿ ಕಿಟಕಿಯ ಪರದೆ ಸರಿಸಿ, ಬರಿ ಬೆಳಕಿನಲ್ಲಿ ತೆಗೆದ. ಆಗಲೂ ಅದೇ. ಕಣ್ಣು ಅಗಲ ಬಿಟ್ಟು ಕೂತ್ಕೊಳ್ಳಿ ಅಂದ. ಜಟ್ಟಪ್ಪ ಗೂಬೆಯ ಹಾಗೆ ಬಿಟ್ಟುಕೊಂಡು ಕೂತ. "ಒನ್, ಟೂ" ವರೆಗೂ ಬಿಟ್ಟಿದ್ದ. ತ್ರೀಗೆ ಮುಚ್ಚಿತು.

ನಲವತ್ತನೆಯದೂ ಹಾಗೇ ಬಂದಾಗ ಧರ್ಮೇಂದ್ರ ಕ್ಯಾಮೆರಾ ಇಳಿಸಿದ. "ರೇಣುಕಣ್ಣ, ಹಸುಗೂಸಿನ ಫೋಟೋ ತೆಗೆದಿದೀನಿ, ನಾಯಿ ಫೋಟೋ ತೆಗೆದಿದೀನಿ. ಅವಾದ್ರೂ ಹತ್ತಕ್ಕೆ ಒಂದು ಸಲ ಕಣ್ಣು ಬಿಡ್ತವೆ ಮಾರಾಯ!"

"ನಾನು ಬಿಟ್ಕೊಂಡೇ ಇದ್ನಲ್ಲ," ಅಂದ ಜಟ್ಟಪ್ಪ. ಅವನಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು. ಕ್ಯಾಮೆರಾದ ಪರದೆಯಲ್ಲಿ ತನ್ನ ಮುಖವನ್ನು ಒಂದಾದಮೇಲೊಂದು ನೋಡುತ್ತಾ ಬೆಪ್ಪಾಗಿ ಕೂತ.

ಧರ್ಮೇಂದ್ರ ಸೋಲು ಒಪ್ಪುವವನಲ್ಲ. ಕಂಪ್ಯೂಟರಿನ ಮುಂದೆ ಕೂತು ಕಾಲು ಗಂಟೆ ಏನೇನೋ ಒತ್ತಿದ. "ಈಗಿನ ಕಾಲದಲ್ಲಿ ಇದಕ್ಕೂ ದಾರಿ ಇದೆ, ನೋಡಿ," ಅಂತ ತಿರುಗಿಸಿದ.

ಪರದೆಯ ಮೇಲೆ ಜಟ್ಟಪ್ಪ ಕಣ್ಣು ತೆರೆದಿದ್ದ. ಎಂಥ ಕಣ್ಣು! ದೊಡ್ಡವು, ಹೊಳಪಿನವು, ಒಳಗೆ ಸಣ್ಣ ದೀಪ ಉರಿದ ಹಾಗೆ. ರೆಪ್ಪೆಯೂ ಉದ್ದ ಬೆಳೆದಿತ್ತು. ಶರ್ಟಿನ ಜಾಹೀರಾತಿಗೆ ಹಾಕಿದರೆ ಒಂದು ವಾರದಲ್ಲಿ ಸ್ಟಾಕು ಖಾಲಿ.

ಲಿಖಿತಾ ಕಿಟ್ಟನೆ ಕಿರುಚಿದಳು. "ಅಯ್ಯೋ, ಇದು ಯಾರ ಕಣ್ಣು?"

ಜಟ್ಟಪ್ಪ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. "ಚೆನ್ನಾಗಿದಾನೆ. ಯಾರಿವನು?"

"ನೀವೇ ಸಾರ್," ಅಂದ ಧರ್ಮೇಂದ್ರ.

"ಕಳಿಸ್ಬಿಡಮ್ಮ," ಅಂದೆ ನಾನು. ಹೇಳಿದ್ದನ್ನು ಮುಚ್ಚಿಡುವುದಿಲ್ಲ, ಹಾಗೇ ಅಂದೆ. "ಅಂಗಡಿ ಬೊಂಬೆಗೆ ಹಾಕಿದ ಶರ್ಟು ಮನೆಗೆ ಹೋದಮೇಲೆ ಹಾಗೇ ಕಾಣುತ್ತಾ? ಯಾರಾದ್ರೂ ವಾಪಸ್ ತರ್ತಾರಾ? ಆಯಮ್ಮ ಒಂದ್ಸಲ ಬಂದು ಎದುರಿಗೆ ಕೂರ್ಲಿ, ಮಿಕ್ಕಿದ್ದು ತಾನೇ ಆಗುತ್ತೆ."

ಜಟ್ಟಪ್ಪ ನನ್ನ ಕಡೆ ತಿರುಗಿದ. ದೀಪಾವಳಿಗೆ ಹತ್ತು ರೂಪಾಯಿಯ ಚೌಕಾಶಿಯನ್ನೂ ಮಾಡದ ಮನುಷ್ಯ, ಅವತ್ತು ತಲೆ ಅಲ್ಲಾಡಿಸಿಬಿಟ್ಟ. "ಬ್ಯಾಡ ಸಾವ್ಕಾರ್ರೇ. ಆಯಮ್ಮ ಬಂದು, ಫೋಟೋದಲ್ಲಿ ಇದ್ದೋರು ಎಲ್ಲಿ ಅಂತ ಕೇಳಿದ್ರೆ ನಾನು ಎಲ್ಲಿಂದ ಕರ್ಕೊಂಡು ಬರ್ಲಿ? ಆಗ್ಲೇ ಎರಡು ಸಲ ಮೋಸ ಹೋಗಿದಾರಂತೆ. ಮೂರನೇದು ನಂದಾಗೋದು ಬ್ಯಾಡ. ಸಾಗರದೋರನ್ನೇ ಮಾಡ್ಕೊಳ್ಳಲಿ."

ಲಿಖಿತಾ ಆ ಕಡೆ ತಿರುಗಿ ವೇಲಿನಲ್ಲಿ ಕಣ್ಣೊರೆಸಿಕೊಂಡಳು. ಧರ್ಮೇಂದ್ರನಿಗೆ ಮಾತ್ರ ಇನ್ನೂ ಕಂಪ್ಯೂಟರಿನ ಆಸೆ ಬಿಟ್ಟಿರಲಿಲ್ಲ. "ಕಣ್ಣು ಬಿಟ್ಟಿರೋ ಹಳೇ ಫೋಟೋ ಒಂದೇ ಒಂದು ಕೊಡಿ, ಅವರದೇ ಕಣ್ಣು ಕೂರಿಸ್ತೀನಿ," ಅಂದ.

"ಆಧಾರ್ ಕಾರ್ಡಲ್ಲಿ ನೋಡು," ಅಂದೆ ನಾನು ಸುಮ್ಮನೆ. ಲಿಖಿತಾ ಪರ್ಸಿನಿಂದ ಅಪ್ಪನ ಕಾರ್ಡು ತೆಗೆದಳು. ಎಲ್ಲರ ಆಧಾರಿನ ಹಾಗೇ, ಈಗಷ್ಟೇ ಪೊಲೀಸರು ಹಿಡಿದು ತಂದ ಮುಖ. ಆದರೆ ಕಣ್ಣು ತೆರೆದಿದ್ದವು!

ನಾಲ್ಕು ತಲೆ ಒಂದು ಕಾರ್ಡಿನ ಮೇಲೆ ಬಗ್ಗಿದವು. ಚಿತ್ರ ಎಷ್ಟು ಮಸುಕೆಂದರೆ ಧರ್ಮೇಂದ್ರನ ಕೆಲಸಕ್ಕೆ ಬರುವಂತಿರಲಿಲ್ಲ. ಆದರೂ ತೆರೆದದ್ದು ತೆರೆದದ್ದೇ.

"ಅಲ್ಲಿ ಹೇಗೆ ತೆಗೆದ್ರು ಜಟ್ಟಪ್ಪನೋರೇ?"

"ಅದೇನು ಗೊತ್ತು. ಒಂದು ಹುಡುಗಿ ಕಂಪ್ಯೂಟರ್ ನೋಡ್ತಾ ಕೂತಿದ್ಲು. ನನ್ನ ಕಡೆ ತಿರುಗ್ಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಆಯ್ತು ಏಳಿ ಅಂದ್ಲು. ಯಾವಾಗ ತೆಗೆದ್ಲೋ."

ಅದರಿಂದ ನಮಗ್ಯಾರಿಗೂ ಏನೂ ಹೊಳೆಯಲಿಲ್ಲ. ಸಾಯಂಕಾಲ ಇನ್ನೊಮ್ಮೆ ನೋಡೋಣ ಅಂತ ಧರ್ಮೇಂದ್ರನನ್ನು ಅಲ್ಲೇ ಬಿಟ್ಟು ನಾವು ಮೂವರು ಕೆಳಗಿಳಿದೆವು. ಅಂಗಡಿಗೆ ಹೊಸ ಶರ್ಟುಗಳ ಕಟ್ಟು ಬಂದಿತ್ತು. ಜಟ್ಟಪ್ಪ ಕೌಂಟರಿನ ಮುಂದಿನ ಸ್ಟೂಲಿನ ಮೇಲೆ ಕೂತ, ನಾನು ಕಟ್ಟು ಬಿಚ್ಚಿ ಎಣಿಸತೊಡಗಿದೆ. ಎಣಿಸುವಾಗ ನನಗೆ ಗಟ್ಟಿಯಾಗಿ ಎಣಿಸಿಯೇ ರೂಢಿ.

"ಒಂದು. ಎರಡು. ಮೂರು."

ಜಟ್ಟಪ್ಪನ ಕಣ್ಣು ಪಟಕ್ಕನೆ ಮುಚ್ಚಿ, ಗದ್ದ ಎಡಕ್ಕೆ ತಿರುಗಿ, ಮತ್ತೆ ಸರಿಯಾಯಿತು. ಅವನು ಬೀದಿಯ ಆಟೋ ನೋಡುತ್ತಾ ಕೂತೇ ಇದ್ದ, ಏನೂ ಆಗಿಲ್ಲವೆಂಬಂತೆ.

ನಾಲ್ಕನೆಯ ಶರ್ಟು ಕೈಯಲ್ಲೇ ಉಳಿಯಿತು. ಮೊದಲಿನಿಂದ ಎಣಿಸಿದೆ. ಒಂದಕ್ಕಿಲ್ಲ, ಎರಡಕ್ಕಿಲ್ಲ, ಮೂರಕ್ಕೆ ಮುಚ್ಚಿತು. ಧರ್ಮೇಂದ್ರನನ್ನು ಕೂಗಿ ಕರೆದು ಅವನೆದುರು ಮೂರನೇ ಸಲ ಎಣಿಸಿದೆ.

"ಏನ್ ಸಾವ್ಕಾರ್ರೇ, ಅವೇ ಮೂರು ಶರ್ಟು ಎಷ್ಟು ಸಲ ಎಣಿಸ್ತೀರಿ?" ಅಂದ ಜಟ್ಟಪ್ಪ.

"ಜಟ್ಟಪ್ಪನೋರೇ, ಫೌಂಡ್ರೀಲಿ ಯಾರಾದ್ರೂ ಎಣಿಸ್ತಿದ್ರಾ?"

ಅವನು ಥಟ್ಟನೆ ನನ್ನ ಕಡೆ ತಿರುಗಿದ. ಆ ಮುಖದ ಮೇಲೆ ಬಂದ ಬೆರಗನ್ನು ಧರ್ಮೇಂದ್ರ ಆಗ ತೆಗೆದಿದ್ದರೆ ಸಾಕಿತ್ತು, ಆದರೆ ಕ್ಯಾಮೆರಾ ಮೇಲೆ ಸ್ಟುಡಿಯೋದಲ್ಲಿತ್ತು.

"ನಾಗಯ್ಯ ಮೇಸ್ತ್ರಿ," ಅಂದ ಕೊನೆಗೆ, ನಿಧಾನವಾಗಿ. ಕರಗಿದ ಕಬ್ಬಿಣದ ಲ್ಯಾಡಲ್ ಅಂದರೆ ಎರಡು ಕಡೆ ಉದ್ದ ಹಿಡಿಯಿರುವ ದೊಡ್ಡ ಬಕೆಟ್ಟು. ಈ ಕಡೆ ಒಬ್ಬ, ಆ ಕಡೆ ಒಬ್ಬ. ಇಬ್ಬರೂ ಒಟ್ಟಿಗೆ ಬಗ್ಗಿಸಬೇಕು, ಇಲ್ಲದಿದ್ದರೆ ಕಬ್ಬಿಣ ಕಾಲ ಮೇಲೆ. ಅದಕ್ಕೇ ಮೇಸ್ತ್ರಿ ಎಣಿಸುವುದು. ಮೂರಕ್ಕೆ ಬಗ್ಗಿಸಿದರೆ ಮೊದಲ ಹನಿ ಮರಳಿಗೆ ತಾಗಿ ಕಿಡಿ ಮೇಲೆದ್ದು ಬರುತ್ತೆ. ಆ ಒಂದು ಗಳಿಗೆ ಕಣ್ಣು ಮುಚ್ಚಿ ಗದ್ದ ತಿರುಗಿಸಿಬಿಡಬೇಕು, ಮರುಗಳಿಗೆ ತೆರೆದು ಅಚ್ಚು ನೋಡಬೇಕು.

"ಕನ್ನಡಕ ಕೊಡ್ತಿರಲಿಲ್ವಾ ಅಪ್ಪ?"

"ಇತ್ತಮ್ಮ. ಬೆವರಿಗೆ ಮಂಜು ಕಟ್ಟೋದು. ಹಣೆ ಮೇಲೆ ಏರಿಸ್ಕೊಳ್ಳೋರು ಎಲ್ಲಾರೂ."

"ದಿನಕ್ಕೆ ಎಷ್ಟು ಸಲ?" ಧರ್ಮೇಂದ್ರ ಕೇಳಿದ.

"ಅರವತ್ತೋ ಎಪ್ಪತ್ತೋ. ನಾಗಯ್ಯ ಮೇಸ್ತ್ರಿ ಖುಷೀಲಿದ್ರೆ ಕನ್ನಡದಲ್ಲಿ ಎಣಿಸೋನು, ಸಿಟ್ಟು ಬಂದ್ರೆ ತೆಲುಗಲ್ಲಿ, ಸಾಹೇಬ್ರು ಬಂದ್ರೆ ಇಂಗ್ಲಿಷಲ್ಲಿ." ಆಮೇಲೆ ಸೇರಿಸಿದ: "ಆ ಕಡೆ ಹಿಡೀಲಿ ಪರಮೇಶ್ ಅಂತ ಇದ್ದ. ಒಂದ್ಸಲ, ಒಂದೇ ಸಲ, ಮುಚ್ಚೋದು ತಡ ಮಾಡ್ದ. ಈಗ ಒಂದು ಕಣ್ಣಲ್ಲೇ ಬಾಳೆಹಣ್ಣಿನ ಗಾಡಿ ತಳ್ತಾನೆ."

ಇಷ್ಟು ವರ್ಷ ಮಾಸ್ತಮ್ಮ ನಕ್ಕಿದ್ದಳು, ಮಗಳು ನಕ್ಕಿದ್ದಳು, ಒಂದು ಗಂಟೆಯ ಹಿಂದೆ ನಾನೂ ನಕ್ಕಿದ್ದೆ. ಜಟ್ಟಪ್ಪನ ಎರಡು ಕಣ್ಣನ್ನು ಉಳಿಸಿಕೊಟ್ಟ ಅಭ್ಯಾಸ ಅದು ಅಂತ ಅವನಿಗೇ ಗೊತ್ತಿರಲಿಲ್ಲ. ಮಂಟಪದಲ್ಲಿ, ದೇವಸ್ಥಾನದ ಮುಂದೆ, ಜಲಪಾತದ ಮುಂದೆ, ಎಲ್ಲ ಕಡೆ ಯಾರೋ ಒಬ್ಬ ಮೂರರವರೆಗೆ ಎಣಿಸಿದ್ದಾನೆ, ಇವನು ಕಿಡಿಗೆ ಮುಖ ತಿರುಗಿಸಿದ್ದಾನೆ.

"ಬನ್ನಿ ಸಾರ್ ಮೇಲೆ," ಅಂದ ಧರ್ಮೇಂದ್ರ. ದನಿ ಮೆತ್ತಗಾಗಿತ್ತು.

ಎಣಿಸದೆ ತೆಗೆಯುವುದು ಸುಲಭ ಅಂದುಕೊಂಡಿದ್ದೆವು. ಕ್ಯಾಮೆರಾ ಕಣ್ಣಿಗೆ ಹೋದ ಕೂಡಲೇ ಧರ್ಮೇಂದ್ರನ ನಾಲಿಗೆ ತಾನಾಗಿ "ಒನ್" ಅನ್ನುತ್ತಿತ್ತು. ಎರಡು ಸಲ ಹಾಗಾಯಿತು. ಮೂರನೇ ಸಲ ಅವನೇ ಓಡಿಹೋಗಿ ಬೀಡಾ ತಂದು ಬಾಯಿ ತುಂಬಿಕೊಂಡ. ಇನ್ನು ಮಾತಾಡಿಸುವುದು ನನ್ನ ಪಾಲಿಗೆ ಬಂತು.

"ಜಟ್ಟಪ್ಪನೋರೇ, ಶೀಲಾ ಅವರು ಈಗ ಬಂದು ಇಲ್ಲಿ ಎದುರಿಗೆ ಕೂತರು ಅಂದ್ಕೊಳ್ಳಿ. ಮೊದಲ ಮಾತು ಏನಾಡ್ತೀರಿ?"

ಅವನು ತಲೆಯೆತ್ತಿ ನೇರ ನೋಡಿದ. ಎಷ್ಟೋ ಹೊತ್ತು ಯೋಚಿಸಿದ. "ಗೊತ್ತಿಲ್ಲ ಸಾವ್ಕಾರ್ರೇ," ಅಂದ. ಅಷ್ಟರಲ್ಲಿ ಕ್ಯಾಮೆರಾ ನಾಲ್ಕು ಸಲ ಸದ್ದು ಮಾಡಿತ್ತು.

ನಾಲ್ಕರಲ್ಲೂ ಕಣ್ಣು ತೆರೆದಿತ್ತು. ಆದರೆ ನಿಜ ಹೇಳಬೇಕೆಂದರೆ, ವ್ಯಾಪಾರಿಯಾಗಿ ನಾನು ಕುಗ್ಗಿಹೋದೆ. ಸಣ್ಣ ಕಣ್ಣು. ಬಿಳಿಭಾಗ ಕೆಂಪು. ಸುತ್ತಲಿನ ಚರ್ಮ ಶಾಖಕ್ಕೆ ಕಂದಿ ಸುಕ್ಕಾಗಿದೆ. ಎಡಗಣ್ಣಿನ ರೆಪ್ಪೆ ಸ್ವಲ್ಪ ಜೋಲು. ಎಲ್ಲಕ್ಕಿಂತ ಹೆಚ್ಚಾಗಿ ಭಯ. ಮೊದಲ ದಿನ ಶಾಲೆಗೆ ಬಿಟ್ಟ ಮಗುವಿನ ಭಯ.

ಜಟ್ಟಪ್ಪ ತನ್ನನ್ನೇ ನೋಡಿ ಬೆಚ್ಚಿದ. "ನಾನು ಇಷ್ಟು ಹೆದರಿದೀನಾ?"

"ಸಾರ್, ಸ್ವಲ್ಪ ಕೆಂಪು ತೆಗೀತೀನಿ, ಸುಕ್ಕು..." ಧರ್ಮೇಂದ್ರ ಬೀಡಾದ ಮಧ್ಯೆ ಗೊಣಗಿದ.

"ಏನೂ ತೆಗೀಬ್ಯಾಡಿ. ಕಳಿಸಮ್ಮ, ನಾನು ಮನಸ್ಸು ಬದಲಾಯಿಸೋ ಮುಂಚೆ."

ಲಿಖಿತಾ ಕಳಿಸಿದಳು. ನೋಡಿದ್ದಾರೆ ಅಂತ ನೀಲಿ ಗುರುತು ತಕ್ಷಣ ಬಂತು. ಉತ್ತರ ಬರಲಿಲ್ಲ. ಜಟ್ಟಪ್ಪ ಮಧ್ಯಾಹ್ನದ ಬಸ್ಸಿಗೆ ಹೋದ. ಶುಕ್ರವಾರ ಇಡೀ ದಿನ ಏನೂ ಇಲ್ಲ. ಆ ದೊಡ್ಡ ಕಣ್ಣಿನ ಫೋಟೋ ಕಳಿಸಿದ್ದರೆ ಅನ್ನುವ ಯೋಚನೆ ನನಗೆ ಹತ್ತು ಸಲ ಬಂದು ಹೋಯಿತು. ಶನಿವಾರ ಹನ್ನೊಂದಕ್ಕೆ ಲಿಖಿತಾ ಫೋನು ಮಾಡಿ, ಗ್ರೈಂಡರಿನ ಸದ್ದಿನ ಜೊತೆ ಬಂದ ಎರಡೇ ಮಾತನ್ನು ಕೇಳಿಸಿದಳು: "ನಾಳೆ ಹನ್ನೆರಡಕ್ಕೆ ಬರಕ್ಕೆ ಹೇಳಿ. ಅಷ್ಟೊತ್ತಿಗೆ ಹಿಟ್ಟು ಖಾಲಿಯಾಗಿರುತ್ತೆ."

ಭಾನುವಾರ ಅಪ್ಪ-ಮಗಳ ಜೊತೆ ನಾನೂ ಹೋದೆ. ಕರೆದಿರಲಿಲ್ಲ. ಇಷ್ಟು ದೂರ ತಂದ ವ್ಯವಹಾರವನ್ನು ಕೊನೆಯಲ್ಲಿ ಜಟ್ಟಪ್ಪನ ಕೈಗೆ ಬಿಟ್ಟರೆ ಏನಾದೀತು ಅನ್ನುವ ಚಿಂತೆ. ಅವನು ತಿಳಿಹಸಿರು ಶರ್ಟು ಹಾಕಿದ್ದ. ಮೀಸೆ ಪೂರ್ತಿ ಬೋಳಿಸಿಬಿಟ್ಟಿದ್ದ! ಇಟ್ಟಿಗೆ ಬಣ್ಣದ್ದು ಬೇಡ ಅಂತಂತೆ.

ಶೀಲಾ ಅವರ ಮನೆಯ ಮುಂದಿನ ಕೋಣೆಯೇ ಅಂಗಡಿ. ತೊಳೆದು ಕವುಚಿಟ್ಟ ಸ್ಟೀಲ್ ಡ್ರಮ್ಮುಗಳು, ಉದ್ದಿನ ವಾಸನೆ. ಗಟ್ಟಿಮುಟ್ಟಾದ ಹೆಂಗಸು. ಮೂರು ಕುರ್ಚಿ ಹಾಕಿ, ಕಾಫಿ ಕೊಟ್ಟು, ಜಟ್ಟಪ್ಪನ ಎದುರಿಗೆ ತಾವೊಂದು ಸ್ಟೂಲು ಎಳೆದುಕೊಂಡು ಕೂತರು. ಏನೂ ಮಾತಾಡದೆ ಅವನ ಮುಖ ನೋಡಿದರು, ಅಕ್ಕಿ ಆರಿಸುವ ಹಾಗೆ.

ನಾನು ಗಂಟಲು ಸರಿಮಾಡಿಕೊಂಡೆ. "ನಮ್ಮ ಜಟ್ಟಪ್ಪನೋರು ಬಹಳ..."

"ನೀವು ಸ್ವಲ್ಪ ಇರ್ರೀ," ಅಂದರು. ಆಮೇಲೆ ಅವನನ್ನು ಕೇಳಿದರು: "ಫೋಟೋದಲ್ಲಿ ಯಾರಿಗೆ ಅಷ್ಟು ಹೆದರಿದ್ರಿ?"

"ನಿಮಗೆ," ಅಂದ ಜಟ್ಟಪ್ಪ.

ಆಯಮ್ಮ ನಗಲಿಲ್ಲ. "ನಾನೂ ಹೆದರಿದೆ. ಎರಡು ದಿನ ಉತ್ತರ ಕೊಡಕ್ಕಾಗ್ಲಿಲ್ಲ. ಇಷ್ಟು ವರ್ಷ ಬಂದೋರೆಲ್ಲ ಫೋಟೋದಲ್ಲಿ ನನ್ನ ಒಪ್ಪಿಸಕ್ಕೆ ನೋಡ್ತಿದ್ರು. ನೀವು ನಿಜವಾಗ್ಲೂ ಕೇಳ್ತಾ ಇರೋ ಹಾಗಿತ್ತು."

"ನಂಗೆ ಟಿವಿ ಜೊತೆ ಮಾತಾಡೋ ಅಭ್ಯಾಸ ಇದೆ," ಅಂತ ಜಟ್ಟಪ್ಪ ಒಂದೇ ಉಸಿರಿಗೆ ಹೇಳಿಬಿಟ್ಟ. ಲಿಖಿತಾಳ ಕೈಯ ಲೋಟದಿಂದ ಕಾಫಿ ಚೆಲ್ಲಿತು. ನಾನು ಕಾಲು ತುಳಿಯಲು ನೋಡಿದೆ, ಎಟುಕಲಿಲ್ಲ.

"ನಾನು ಗ್ರೈಂಡರ್ ಜೊತೆ ಮಾತಾಡ್ತೀನಿ," ಅಂದರು ಶೀಲಾ. "ಅದು ತಿರುಗಿ ಮಾತಾಡಲ್ಲ, ನಿಮ್ಮ ಟಿವಿನೇ ವಾಸಿ."

ಆಗ ನಕ್ಕರು. ಜಟ್ಟಪ್ಪನೂ ನಕ್ಕ. ಇಪ್ಪತ್ತು ವರ್ಷ ಶರ್ಟು ಮಾರಿದ್ದೇನೆ ಅವನಿಗೆ, ಹಲ್ಲು ನೋಡಿದ್ದು ಅವತ್ತೇ.

ಹೊರಡುವಾಗ ಶೀಲಾ ಬಾಗಿಲವರೆಗೆ ಬಂದರು. "ಸಾಗರದೋರಿಗೆ ಬೇಡ ಅಂತ ನಿನ್ನೇನೇ ಹೇಳಿದೀನಿ. ಹಾಗಂತ ನಿಮಗೆ ಹ್ಞೂಂ ಅಂದಿಲ್ಲ. ಬುಧವಾರ ವ್ಯಾಪಾರ ಕಡಿಮೆ, ಬುಧವಾರ ಬನ್ನಿ. ಮಾತಾಡೋಣ."

"ಖಂಡಿತ ಬರ್ತೀವಮ್ಮ," ಅಂದೆ ನಾನು.

"ಒಬ್ರೇ ಬನ್ನಿ," ಅಂದರು ಜಟ್ಟಪ್ಪನಿಗೆ, ನನ್ನ ಕಡೆ ನೋಡದೆ.

ಬುಧವಾರ ಅವನು ಒಬ್ಬನೇ ಹೋದ. ಏನು ಮಾತಾಡಿದರು ಅಂತ ನನಗೆ ಇವತ್ತಿಗೂ ಯಾರೂ ಹೇಳಿಲ್ಲ.